ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು

ಹುಮನಾಬಾದಿನ ಜಾತ್ರೆಯಲ್ಲಿಯಾಗಲಿ ಬಸವಕಲ್ಯಾಣದ ಮದುವೆಯ ಮನೆಯಲ್ಲಿಯಾಗಲಿ ಊಟದ ಪಂಕ್ತಿಯನ್ನು ಕೂಡಿಸುವ ಮುಂಚೆ ಹಿರಿಯರು ಒಂದು ಲೆಕ್ಕವನ್ನು ಹಾಕುತ್ತಾರೆ. ಇಷ್ಟು ಎಲೆಗಳಿಗೆ ಬಡಿಸುವವರು ಇಷ್ಟು ಮಂದಿ ಬೇಕು ಎಂಬುದೇ ಆ ಲೆಕ್ಕ. ಅದು ತಪ್ಪಿದರೆ ಸಾರು ಬರುವಷ್ಟರಲ್ಲಿ ಅನ್ನವು ಆರುವದು, ಅಷ್ಟೆ. ಆಸ್ಪತ್ರೆಯಲ್ಲಿ ಇಷ್ಟು ಹಾಸಿಗೆಗಳಿಗೆ ದಾದಿಯರು ಎಷ್ಟು ಮಂದಿ ಎಂಬ ಲೆಕ್ಕವು ತಪ್ಪಿದರೆ ಪ್ರಾಣವೇ ಹೋಗುವದುಂಟು. ನಮ್ಮ ಶಾಲೆಯಿಂದ ಹೊರಟು ದಾದಿಯರಾದ ಹೆಣ್ಣುಮಕ್ಕಳು ರಜೆಯಲ್ಲಿ ನಮ್ಮನ್ನು ಕಾಣಲು ಬಂದಾಗ, ರಾತ್ರಿಯೆಲ್ಲಾ ನಲವತ್ತು ರೋಗಿಗಳ ನಡುವೆ ತಾವೊಬ್ಬರೇ ಓಡಾಡಿದ ಸಂಗತಿಯನ್ನು ಹೇಳುತ್ತಾರೆ. ಆದಕಾರಣ ಈ ಲೆಕ್ಕವನ್ನು ಮೊದಲು ಬರವಣಿಗೆಗೆ ಇಳಿಸಿದವರಲ್ಲಿ ಒಬ್ಬರಾದ ಅಮ್ಮನವರ ಚರಿತ್ರೆಯನ್ನು ಇಲ್ಲಿ ಹೇಳಲು ಮನಸ್ಸು ಮಾಡಿದೆವು.

ಅವರು 1820ನೆಯ ಇಸವಿ ಮೇ 12ರಂದು ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದರು. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆತಾಯಿಗಳು ಐಶ್ವರ್ಯವಂತರಾದ ಇಂಗ್ಲಿಷರು. ತಂದೆಯು ತಾನೇ ಕೂತು ಮಗಳಿಗೆ ಭಾಷೆಗಳನ್ನೂ ಚರಿತ್ರೆಯನ್ನೂ ಕಲಿಸಿದನು. ಆಕೆಗೆ ಗಣಿತದ ಮೇಲೆ ಬಲು ಪ್ರೀತಿ. ಆದರೆ ದಾದಿಯಾಗುತ್ತೇನೆಂದಾಗ ಮನೆಯವರೆಲ್ಲ ಅಡ್ಡ ನಿಂತರು. ಅಂದಿನ ಆಸ್ಪತ್ರೆಗಳಲ್ಲಿ ಆ ಕೆಲಸವು ಮರ್ಯಾದಸ್ಥರ ಕೆಲಸವೆಂದು ಎಣಿಸಲ್ಪಡುತ್ತಿರಲಿಲ್ಲ. ಆ ತಾಯಿಯನ್ನು ನಾವು ಹಳಿಯಲಾರೆವು; ಇಂದಿಗೂ ಮಗಳ ರಾತ್ರಿ ಪಾಳಿಯನ್ನು ನೆನೆದು ನಿದ್ದೆಗೆಡುವ ತಾಯಂದಿರು ನಮ್ಮ ವಾಚಕರಲ್ಲಿಯೇ ಇದ್ದಾರೆ. ಕಡೆಗೆ 1851ರಲ್ಲಿ ಅವರು ಜರ್ಮನಿಯ ಕೈಸರ್ಸ್‌ವೆರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರ್ ಅವರ ಸಂಸ್ಥೆಯಲ್ಲಿ ಮೂರು ತಿಂಗಳು ಶಿಕ್ಷಣ ಹೊಂದಿದರು. 1853ರಲ್ಲಿ ಲಂಡನಿನ ಒಂದು ಚಿಕ್ಕ ಆಸ್ಪತ್ರೆಯು ಅವರ ವಶಕ್ಕೆ ಬಂತು.

ಇತ್ತ ಹುಮನಾಬಾದಿನಲ್ಲಿ ಮಾಣಿಕಪ್ರಭುಗಳು ಬಾಳುತ್ತಿದ್ದ ಕಾಲವದು. ಅತ್ತ 1854ರಲ್ಲಿ ಕ್ರಿಮಿಯದ ಯುದ್ಧವು ನಡೆಯುತ್ತಿತ್ತು. ಗಾಯಾಳುಗಳ ದುರವಸ್ಥೆಯನ್ನು ಕೇಳಿ ಮಂತ್ರಿಗಳಾಗಿದ್ದ ಸಿಡ್ನಿ ಹರ್ಬರ್ಟ್ ದೊರೆಗಳು ಅಮ್ಮನವರನ್ನು ಕಳುಹಿಸಿದರು. 38 ಮಂದಿ ಸ್ತ್ರೀಯರೊಡನೆ ಅವರು ನವೆಂಬರ್ 4ರಂದು ತುರ್ಕಸ್ಥಾನದ ಸ್ಕುಟಾರಿಯನ್ನು ಮುಟ್ಟಿದರು. ಅಲ್ಲಿನ ಎರಡು ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೆ ಮೇಲ್ಪಟ್ಟು ರೋಗಿಗಳು ಮಲಗಿದ್ದರು. ಭಾಗಿಸಿ ನೋಡಿದರೆ ಒಬ್ಬೊಬ್ಬ ದಾದಿಗೆ ಐವತ್ತಕ್ಕೆ ಕಡಿಮೆಯಿಲ್ಲ. ಮರುದಿನವೇ ಇಂಕರ್ಮನ್ ಕಾಳಗವಾಗಿ ಆ ಸಂಖ್ಯೆಯು ಇನ್ನೂ ಏರಿತು. ರಾತ್ರಿಯಲ್ಲಿ ಅವರು ದೀಪ ಹಿಡಿದು ಹಾಸಿಗೆಯ ಸಾಲುಗಳಲ್ಲಿ ನಡೆದದ್ದನ್ನು ಚಿಕ್ಕ ಮಕ್ಕಳೂ ಬಲ್ಲರು. ಆ ಒಂದು ದೀಪಕ್ಕೆ ಎಷ್ಟು ಹಾಸಿಗೆಗಳಿದ್ದವೆಂಬುದನ್ನು ಮಾತ್ರ ಪಾಠದಲ್ಲಿ ಯಾರೂ ಹೇಳುವದಿಲ್ಲ.

ಡಿಸೆಂಬರಿನಲ್ಲಿ ಅವರು ಕೇಳದೆಯೇ ಇನ್ನೂ 46 ಮಂದಿ ಸ್ತ್ರೀಯರು ಬಂದಿಳಿದರು. ಅಮ್ಮನವರು ಸಂತೋಷಪಡಲಿಲ್ಲ, ಬಹಳ ಕೋಪಗೊಂಡರು. ಕೈಗಳು ಸಾಲದ ಸ್ಥಳದಲ್ಲಿ ಬಂದ ಕೈಗಳನ್ನು ಬೇಡವೆನ್ನುವದೇ ಎಂದು ನಮಗೂ ಮೊದಲು ತೋರಿತು. ಆದರೆ ಶಿಕ್ಷಣವಿಲ್ಲದವರನ್ನು ತಲೆಯೆಣಿಕೆಯಲ್ಲಿ ಸೇರಿಸಿದರೆ ಲೆಕ್ಕವು ತುಂಬುವದೇ ಹೊರತು ಕೆಲಸವು ತುಂಬದು ಎಂಬುದು ಅವರಿಗೆ ತಿಳಿದಿತ್ತು. ಅವರ ಕೋಪದಲ್ಲಿ ಸ್ವಲ್ಪ ಅಧಿಕಾರದ ಅಭಿಮಾನವೂ ಇತ್ತೆಂದು ಹೇಳದಿದ್ದರೆ ಚರಿತ್ರೆಗೆ ಅನ್ಯಾಯವಾದೀತು.

ಆ ಚಳಿಗಾಲದಲ್ಲಿ ಮರಣಗಳು ಕಡಿಮೆಯಾಗದೆ ಹೆಚ್ಚಿದವು. 1855ರ ಫೆಬ್ರವರಿಯಲ್ಲಿ ನೂರು ರೋಗಿಗಳಲ್ಲಿ ಸುಮಾರು 42 ಮಂದಿ ಸತ್ತರು. ಮಾರ್ಚಿಯಲ್ಲಿ ಆರೋಗ್ಯ ಕಮಿಷನಿನವರು ಬಂದು ಕಟ್ಟಡದ ಕೆಳಗಿನ ಮೋರಿಗಳನ್ನು ತೊಳೆಯಿಸಿದ ಬಳಿಕ, ಜೂನಿನ ಹೊತ್ತಿಗೆ ಅದು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಊರಿಗೆ ಹಿಂದಿರುಗಿ ವಿಲಿಯಂ ಫಾರ್ ಎಂಬ ಪಂಡಿತರೊಡನೆ ಅಂಕೆಗಳನ್ನು ಕೂಡಿಸಿದಾಗಲೇ ಅಮ್ಮನವರಿಗೆ ಇದು ಸ್ಪಷ್ಟವಾದದ್ದು. ಮೋರಿಯು ಕೊಳೆತಿರುವಲ್ಲಿ ದಾದಿಯು ಎಷ್ಟು ದುಡಿದರೂ ಸಾಲದೆಂಬುದನ್ನು ಅವರು ಮರೆಮಾಚದೆ ಒಪ್ಪಿಕೊಂಡರು. ಅವರ ಜೀವಿತದಲ್ಲಿ ದೀಪಕ್ಕಿಂತಲೂ ಇದೇ ನಮಗೆ ದೊಡ್ಡದಾಗಿ ಕಾಣುವದು.

ಆಸ್ಪತ್ರೆಗಳನ್ನು ಕುರಿತ ತಮ್ಮ ಪುಸ್ತಕದಲ್ಲಿ ಅವರು ಒಂದು ವಾರ್ಡಿಗೆ 20ರಿಂದ 32 ಹಾಸಿಗೆಗಳಿರುವದು ಮೇಲೆಂದು ವಾದಿಸಿದರು. ಮುಖ್ಯ ದಾದಿಯ ಕಣ್ಣಿಗೆ ಹಾಸಿಗೆಗಳೆಲ್ಲವೂ ಬೀಳಬೇಕು; ವಾರ್ಡುಗಳು ತೀರ ಚಿಕ್ಕವಾದರೆ ಪ್ರತಿಯೊಂದಕ್ಕೂ ರಾತ್ರಿಯ ದಾದಿಯನ್ನು ಬೇರೆ ಬೇರೆ ಇಡಬೇಕಾಗಿ ಖರ್ಚು ಏರುವದು. 1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆಯು ತೆರೆಯಿತು.

ಹಿಂದುಸ್ಥಾನಕ್ಕೆ ಅವರು ಎಂದೂ ಬರಲಿಲ್ಲ. ಅದಾಗ್ಯೂ ರೋಗದಿಂದ ಹಾಸಿಗೆ ಹಿಡಿದಿದ್ದುಕೊಂಡೇ ಇಲ್ಲಿನ ದಂಡಿನ ಠಾಣ್ಯಗಳಿಂದ ವರದಿಗಳನ್ನು ತರಿಸಿ ಓದಿದರು. ಬೆಂಗಳೂರು, ಬಳ್ಳಾರಿಗಳಿಂದಲೂ ಅಂದು ನಿಜಾಮರ ಸೀಮೆಯಲ್ಲಿದ್ದ ನಮ್ಮ ಕಲ್ಯಾಣಕ್ಕೆ ಬಹಳ ದೂರವಲ್ಲದ ಸಿಕಂದರಾಬಾದಿನಿಂದಲೂ ವರದಿಗಳು ಹೋದವು. ಇಲ್ಲಿದ್ದ ಇಂಗ್ಲಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ಕಮಿಷನಿನ ವರದಿಯಲ್ಲಿ ಪ್ರಕಟವಾಯಿತು. 1865ರಲ್ಲಿ ಅವರು ಈ ದೇಶದ ಆಸ್ಪತ್ರೆಗಳಲ್ಲಿ ದಾದಿಯರ ವ್ಯವಸ್ಥೆಯು ಹೇಗಿರತಕ್ಕದ್ದೆಂದು ಸೂಚನೆಗಳನ್ನು ಬರೆದು ಕೊಟ್ಟರು.

ಅಂದಿನಿಂದ ಲೆಕ್ಕವು ಬಿಗಿಯಾಗುತ್ತಾ ಬಂದಿದೆ. ಭಾರತೀಯ ನರ್ಸಿಂಗ್ ಕೌನ್ಸಿಲಿನ ಪ್ರಮಾಣದಂತೆ ಸಾಮಾನ್ಯ ವಾರ್ಡಿನಲ್ಲಿ, ವೈದ್ಯಶಿಕ್ಷಣದ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಇತರ ಆಸ್ಪತ್ರೆಯಾದರೆ ಐವರಿಗೆ ಒಬ್ಬ ದಾದಿಯು ಇರತಕ್ಕದ್ದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2004ರಿಂದ ಇದು ಕಾಯಿದೆಯಾಗಿಯೇ ಜಾರಿಯಲ್ಲಿದೆ. ಬಸವಕಲ್ಯಾಣ, ಹುಮನಾಬಾದುಗಳ ತಾಲ್ಲೂಕು ಆಸ್ಪತ್ರೆಗಳಿಗೆ ಹೆರಿಗೆಗೆಂದೋ ಜ್ವರಕ್ಕೆಂದೋ ನಮ್ಮವರನ್ನು ಸೇರಿಸುವ ನಾವು ವೈದ್ಯರು ಯಾರೆಂದು ವಿಚಾರಿಸುತ್ತೇವೆ. ರಾತ್ರಿ ದಾದಿಯರು ಎಷ್ಟು ಮಂದಿಯೆಂದು ವಿಚಾರಿಸಿದ್ದು ನಮಗೆ ನೆನಪಿಲ್ಲ.

ಅಮ್ಮನವರು 1910ನೆಯ ಇಸವಿ ಆಗಸ್ಟ್ 13ರಂದು ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ರಾಜರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡುತ್ತೇವೆಂದರೂ ಬಂಧುಗಳು ಒಪ್ಪಲಿಲ್ಲ. ಆರು ಮಂದಿ ಸಿಪಾಯಿಗಳು ಹೊತ್ತು, ಈಸ್ಟ್ ವೆಲ್ಲೋ ಎಂಬ ಹಳ್ಳಿಯಲ್ಲಿ ತಂದೆತಾಯಿಗಳ ಬಳಿಯಲ್ಲಿ ಹೂಳಿದರು. ಕಲ್ಲಿನ ಮೇಲೆ ಅವರಿಗಾಗಿ ಕೆತ್ತಿರುವದು ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟಿದ ದಿನ, ಸತ್ತ ದಿನ, ಇಷ್ಟೇ.