ಸಿಗ್ನಲ್‌ನಲ್ಲಿ ಆಫ್ ಆಗುವ ಹಳೆಯ ಕಾರು ಮತ್ತು ವಿಲ್ಹೆಲ್ಮ್ ಮೈಬಾಖ್

ಮೈಸೂರಿನ ರಾಜೀವನಗರದ ಗ್ಯಾರೇಜೊಂದಕ್ಕೆ ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ಬಂತು ಎನ್ನಿ. ಓಡುವಾಗ ಏನೂ ತೊಂದರೆಯಿಲ್ಲ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗಾಡಿ ಆಫ್ ಆಗುತ್ತದೆ ಎನ್ನುವುದು ಮಾಲೀಕರ ದೂರು. ಇದಕ್ಕೆ ಎಲ್ಲರಿಗೂ ಗೊತ್ತಿರುವ ಮದ್ದೊಂದಿದೆ: ಸ್ಕ್ರೂ ತಿರುಗಿಸಿ ಐಡ್ಲಿಂಗ್ ಜಾಸ್ತಿ ಮಾಡುವುದು. ಎಂಜಿನ್ ಆಫ್ ಆಗುವುದು ನಿಲ್ಲುತ್ತದೆ, ಆದರೆ ರೋಗ ಹೋಗುವುದಿಲ್ಲ, ಪೆಟ್ರೋಲ್ ಮಾತ್ರ ಹೆಚ್ಚು ಉರಿಯುತ್ತದೆ. ಹೀಗೇಕೆ ಎಂದು ತಿಳಿಯಲು ಕಾರ್ಬುರೇಟರ್‌ಗೆ ಇಂದಿನ ರೂಪ ಕೊಟ್ಟವರಲ್ಲಿ ಒಬ್ಬನಾದ ವಿಲ್ಹೆಲ್ಮ್ ಮೈಬಾಖ್‌ನ ಕತೆಯನ್ನು ನೋಡಬೇಕು.

ಮೈಬಾಖ್ ಹುಟ್ಟಿದ್ದು 1846ರಲ್ಲಿ, ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ. ಹತ್ತು ವರ್ಷ ತುಂಬುವುದರಲ್ಲಿ ತಾಯಿಯೂ ತಂದೆಯೂ ತೀರಿಕೊಂಡರು. ರಾಯ್ಟ್‌ಲಿಂಗೆನ್ ಊರಿನಲ್ಲಿ ಗುಸ್ತಾವ್ ವೆರ್ನರ್ ಎಂಬ ಪಾದ್ರಿ ನಡೆಸುತ್ತಿದ್ದ ಅನಾಥಾಶ್ರಮ ಹುಡುಗನನ್ನು ಸೇರಿಸಿಕೊಂಡಿತು. ಆಶ್ರಮಕ್ಕೆ ತನ್ನದೇ ಯಂತ್ರಗಳ ಕಾರ್ಖಾನೆ ಇತ್ತು. ಹುಡುಗ ಅಲ್ಲಿ ನಕ್ಷೆ ಬಿಡಿಸುವುದನ್ನು ಕಲಿತ. ಕಾರ್ಖಾನೆಯ ಉಸ್ತುವಾರಿಗೆ ಬಂದ ಗಾಟ್‌ಲೀಬ್ ಡೈಮ್ಲರ್‌ನ ಕಣ್ಣಿಗೆ ಅವನು ಬಿದ್ದದ್ದು 1865ರ ಸುಮಾರಿಗೆ. ಡೈಮ್ಲರ್ ಅವನಿಗಿಂತ ಹನ್ನೆರಡು ವರ್ಷ ದೊಡ್ಡವನು. ಅಲ್ಲಿಂದ ಮುಂದೆ ಡೈಮ್ಲರ್ ಹೋದಲ್ಲೆಲ್ಲ ಮೈಬಾಖ್ ಹೋದ. 1872ರಲ್ಲಿ ಇಬ್ಬರೂ ನಿಕೊಲಾಸ್ ಆಟೋನ ಡಾಯ್ಟ್ಸ್ ಕಾರ್ಖಾನೆ ಸೇರಿದರು. ನಾಲ್ಕು ಹೊಡೆತದ ಎಂಜಿನ್ 1876ರಲ್ಲಿ ರೂಪುಗೊಂಡದ್ದು ಅಲ್ಲಿಯೇ.

ಆ ಎಂಜಿನ್ ಅನಿಲದಿಂದ ಓಡುತ್ತಿತ್ತು, ತುಂಬ ಭಾರವೂ ಆಗಿತ್ತು. ಗಾಡಿಗೆ ಕೂರಿಸುವಂಥ ಪುಟ್ಟ ಎಂಜಿನ್ ಮಾಡಬೇಕೆಂದು ಇಬ್ಬರೂ 1882ರಲ್ಲಿ ಕಾನ್‌ಸ್ಟಾಟ್‌ಗೆ ಬಂದು, ಡೈಮ್ಲರ್‌ನ ತೋಟದ ಗಾಜಿನ ಮನೆಯಲ್ಲಿ ಕೆಲಸ ಆರಂಭಿಸಿದರು. 1885ರ ಹೊತ್ತಿಗೆ ಅವರ ಪೆಟ್ರೋಲ್ ಎಂಜಿನ್ ಮರದ ಚೌಕಟ್ಟಿನ ಎರಡು ಚಕ್ರದ ಗಾಡಿಯೊಂದನ್ನು ಓಡಿಸಿತು. ಆಗ ಅವರು ಬಳಸಿದ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್‌ನ ಮೇಲೆ ಗಾಳಿ ಹಾಯಿಸಿ ಆವಿ ಪಡೆಯುತ್ತಿದ್ದರು. ಪೆಟ್ರೋಲ್‌ನ ಹಗುರ ಅಂಶ ಮೊದಲು ಆವಿಯಾಗುತ್ತದೆ, ಭಾರದ ಅಂಶ ತಳದಲ್ಲಿ ಉಳಿಯುತ್ತದೆ. ಹಾಗಾಗಿ ಬೆಳಗಿನ ಮಿಶ್ರಣದಂತೆ ಸಂಜೆಯ ಮಿಶ್ರಣ ಇರುತ್ತಿರಲಿಲ್ಲ.

1890ರಲ್ಲಿ ಹಣ ಹೂಡಿದವರ ಜೊತೆ ಸೇರಿ ಕಂಪನಿ ಕಟ್ಟಿದಾಗ ಮೈಬಾಖ್‌ಗೆ ಆಡಳಿತ ಮಂಡಳಿಯಲ್ಲಿ ಜಾಗ ಸಿಗಲಿಲ್ಲ. ಮರುವರ್ಷವೇ ಅವನು ಹೊರಬಂದ. ಡೈಮ್ಲರ್ ಗುಟ್ಟಾಗಿ ಹಣ ಕೊಟ್ಟು, ಕಾನ್‌ಸ್ಟಾಟ್‌ನ ಹರ್ಮನ್ ಹೋಟೆಲಿನ ಸಭಾಂಗಣದಲ್ಲಿ ಅವನಿಗೊಂದು ಕಾರ್ಯಾಗಾರ ಮಾಡಿಕೊಟ್ಟ. ಸಿಂಪಡಿಸುವ ಕಾರ್ಬುರೇಟರ್ 1893ರಲ್ಲಿ ತಯಾರಾದದ್ದು ಅಲ್ಲಿ. ಪುಟ್ಟ ಬಟ್ಟಲಿನಲ್ಲಿ ತೇಲುವ ಫ್ಲೋಟ್ ಪೆಟ್ರೋಲ್‌ನ ಮಟ್ಟವನ್ನು ನಳಿಕೆಯ ಬಾಯಿಗಿಂತ ತುಸು ಕೆಳಗೆ ಹಿಡಿದಿಡುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ನಳಿಕೆಯನ್ನು ಹಾದು ವೇಗವಾಗಿ ಹೋಗುವಾಗ ಅಲ್ಲಿ ಒತ್ತಡ ಕಡಿಮೆಯಾಗಿ ಪೆಟ್ರೋಲ್ ತುಂತುರಾಗಿ ಚಿಮ್ಮುತ್ತದೆ.

ಬುಡಾಪೆಸ್ಟ್‌ನ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೋಂಕಾ ಇದೇ ತತ್ವದ ಕಾರ್ಬುರೇಟರ್‌ಗೆ 1893ರ ಫೆಬ್ರುವರಿಯಲ್ಲಿ, ಮೈಬಾಖ್‌ಗಿಂತ ಮೊದಲೇ, ಪೇಟೆಂಟ್ ಅರ್ಜಿ ಹಾಕಿದ್ದರು. ಹೂವು ಮಾರುವ ಹುಡುಗಿ ಹೂವಿಗೆ ನೀರು ಸಿಂಪಡಿಸುತ್ತಿದ್ದುದನ್ನು ಕಂಡು ಅವರಿಗೆ ಈ ಯೋಚನೆ ಬಂತು ಎನ್ನುವ ಕತೆಯೂ ಇದೆ. ಕತೆ ಚೆನ್ನಾಗಿದೆ, ಅಷ್ಟೇ. ಅತ್ತರು ಸಿಂಪಡಿಸುವ ಸೀಸೆಗಳು ಯುರೋಪಿನ ಮನೆಗಳಲ್ಲಿ ಅದಕ್ಕೂ ಮೊದಲೇ ಇದ್ದವು.

ಈಗ ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಬರೋಣ. ಮೈಬಾಖ್‌ನ ನಳಿಕೆಗೆ ವೇಗದ ಗಾಳಿ ಬೇಕು. 1890ರ ದಶಕದ ಎಂಜಿನ್‌ಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತಿದ್ದುದರಿಂದ ಇದು ದೊಡ್ಡ ಕೊರತೆ ಎನಿಸಲಿಲ್ಲ. ನಮ್ಮ ಕಾರುಗಳಲ್ಲಿ ಕಾಲು ತೆಗೆದಾಗ ಥ್ರಾಟಲ್ ಎಂಬ ಬಿಲ್ಲೆ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಗಾಳಿ ಮಂದವಾಗುತ್ತದೆ, ಮುಖ್ಯ ನಳಿಕೆಯಿಂದ ಪೆಟ್ರೋಲ್ ಮೇಲೇಳುವುದಿಲ್ಲ. ಆದರೆ ಬಿಲ್ಲೆಯ ಆಚೆ, ಎಂಜಿನ್‌ನ ಕಡೆ, ಎಳೆತ ಜೋರಾಗಿರುತ್ತದೆ. ಆದ್ದರಿಂದ ನಂತರದ ಕಾರ್ಬುರೇಟರ್‌ಗಳಲ್ಲಿ ಅಲ್ಲಿಗೆ ತೆರೆದುಕೊಳ್ಳುವ ಬೇರೆಯದೇ ಸಣ್ಣ ದಾರಿ ಮಾಡಿ, ಅದಕ್ಕೊಂದು ಐಡಲ್ ಜೆಟ್ ಕೊಟ್ಟರು. ಅದರ ತೂತು ಅರ್ಧ ಮಿಲಿಮೀಟರ್ ಆಸುಪಾಸು. ಒಂದು ಕಣ ಕಸ ಸಾಕು ಮುಚ್ಚಿಕೊಳ್ಳಲು. ಐಡ್ಲಿಂಗ್ ಜಾಸ್ತಿ ಮಾಡಿದಾಗ ಬಿಲ್ಲೆ ತುಸು ತೆರೆದು, ಅದರ ಅಂಚಿನಲ್ಲಿರುವ ಬೇರೆ ತೂತುಗಳಿಂದಲೂ ಪೆಟ್ರೋಲ್ ಬರುತ್ತದೆ. ಕಟ್ಟಿದ ಜೆಟ್ ಕಟ್ಟಿಕೊಂಡೇ ಇರುತ್ತದೆ.

ಹಾಗೆಂದು ಮೊದಲಿಗೇ ಕಾರ್ಬುರೇಟರ್ ಬಿಚ್ಚುವುದೂ ಸರಿಯಲ್ಲ. ಪ್ಲಗ್, ಪಾಯಿಂಟ್ ಗ್ಯಾಪ್, ಟೈಮಿಂಗ್ ನೋಡಿಯೇ ಅದಕ್ಕೆ ಕೈ ಹಾಕಬೇಕು. ಓಟದಲ್ಲಿ ಚೆನ್ನಾಗಿದ್ದು ಐಡ್ಲಿಂಗ್‌ನಲ್ಲಿ ಮಾತ್ರ ನಿಂತರೆ ಮೊದಲ ಅನುಮಾನ ಐಡಲ್ ಜೆಟ್‌ನ ಮೇಲೆ. ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೂ ವ್ಯತ್ಯಾಸವೇ ಕಾಣದೆ, ಎಲ್ಲೋ ಸುಯ್ ಎಂಬ ಸದ್ದಿದ್ದರೆ ಗ್ಯಾಸ್ಕೆಟ್ ಅಥವಾ ರಬ್ಬರ್ ಪೈಪಿನಲ್ಲಿ ಗಾಳಿ ಸೋರುತ್ತಿರಬಹುದು. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದ್ದರೆ ಫ್ಲೋಟ್, ಅದರ ಸೂಜಿ ಮತ್ತು ಚೋಕ್ ನೋಡಬೇಕು. ಜೆಟ್ಟಿಗೆ ತಂತಿ ಚುಚ್ಚಬೇಡಿ: ಮೆತ್ತನೆಯ ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ. ಗಾಳಿ ಊದಿಸಿದರೆ ಸಾಕು. ಮಿಕ್ಸ್ಚರ್ ಸ್ಕ್ರೂವನ್ನು ಬಿಗಿಯಾಗಿ ಒಳಗೆ ತಿರುಚಿದರೆ ಅದರ ಮೊನೆ ಹಾಳಾಗುತ್ತದೆ. ಈ ಹೊಂದಾಣಿಕೆಯನ್ನು ಎಂಜಿನ್ ಬಿಸಿಯಾದ ಮೇಲೆ, ಬಯಲಿನಲ್ಲಿ ಮಾಡಬೇಕು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಪ್ರಾಣವೇ ಹೋಗಬಹುದು.

ಮೈಬಾಖ್ 1895ರಲ್ಲಿ ಕಂಪನಿಗೆ ಮರಳಿದ. 1900ರ ಮಾರ್ಚ್‌ನಲ್ಲಿ ಡೈಮ್ಲರ್ ತೀರಿಕೊಂಡ. ಅದೇ ವರ್ಷದ ಕೊನೆಗೆ ಸಿದ್ಧವಾದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರು ಮೈಬಾಖ್‌ನ ವಿನ್ಯಾಸ. ಮರ್ಸಿಡಿಸ್ ಎಂಬುದು ಅದನ್ನು ಮಾಡಿಸಿಕೊಂಡ ವ್ಯಾಪಾರಿ ಎಮಿಲ್ ಯೆಲ್ಲಿನೆಕ್‌ನ ಮಗಳ ಹೆಸರು. ಕಂಪನಿಯಲ್ಲಿ ಮೂಲೆಗುಂಪಾದ ಮೈಬಾಖ್ 1907ರಲ್ಲಿ ಮತ್ತೆ ಹೊರಬಿದ್ದ. ಆಮೇಲೆ ಮಗ ಕಾರ್ಲ್‌ನೊಂದಿಗೆ ಸೇರಿ ಜೆಪ್ಪೆಲಿನ್ ವಾಯುನೌಕೆಗಳ ಎಂಜಿನ್ ಕೆಲಸಕ್ಕೆ ಇಳಿದ. 1929ರ ಡಿಸೆಂಬರ್ 29ರಂದು ತೀರಿಕೊಂಡಾಗ ಅವನಿಗೆ 83 ವರ್ಷ. ಡೈಮ್ಲರ್‌ನನ್ನು ಮಣ್ಣು ಮಾಡಿದ ಕಾನ್‌ಸ್ಟಾಟ್‌ನ ಸ್ಮಶಾನದಲ್ಲಿಯೇ ಅವನ ಸಮಾಧಿಯೂ ಇದೆ.