ಬಣ್ಣ ಹಿಡಿಯದ ಮಿದುಳು

ಪಾಲ್ ಎರ್ಲಿಕ್ 1854ರಲ್ಲಿ ಸ್ಟ್ರೆಲೆನ್ ಎಂಬ ಸಣ್ಣ ಪಟ್ಟಣದಲ್ಲಿ, ಯಹೂದಿ ಮನೆತನವೊಂದರಲ್ಲಿ ಜನಿಸಿದನು. ಆಗ ಪ್ರಷ್ಯಾಕ್ಕೆ ಸೇರಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ಬಾಲಕನಿಗೆ ಪರೀಕ್ಷೆಗಳೆಂದರೆ ಬೇಸರ. ಮುಂದೆ ವೈದ್ಯ ವಿದ್ಯಾರ್ಥಿಯಾದಾಗ ಬಣ್ಣಗಳೆಂದರೆ ಪ್ರಾಣವಾಯಿತು. ಬಟ್ಟೆಗೆ ಹಾಕುವ ಹೊಸ ಹೊಸ ರಾಸಾಯನಿಕ ಬಣ್ಣಗಳು ಜರ್ಮನಿಯ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದ ಕಾಲವದು. ಯಾವ ಬಣ್ಣ ಯಾವ ಜೀವಕೋಶಕ್ಕೆ ಅಂಟುತ್ತದೆ ಎಂಬುದೇ ಅವನ ಹಗಲಿರುಳಿನ ಚಿಂತೆ. ಕೈಬೆರಳುಗಳೂ ಮೇಜೂ ಸದಾ ಬಣ್ಣಬಣ್ಣವಾಗಿರುತ್ತಿದ್ದುವಂತೆ! 1878ರಲ್ಲಿ ಪದವಿ ಪಡೆದು ಬರ್ಲಿನ್ನಿನ ಆಸ್ಪತ್ರೆಯೊಂದನ್ನು ಸೇರಿದನು.

1885ರಲ್ಲಿ ಅವನು ಒಂದು ವಿಚಿತ್ರವನ್ನು ವರದಿಮಾಡಿದನು. ಪ್ರಾಣಿಯ ರಕ್ತಕ್ಕೆ ಕೆಲವು ಬಣ್ಣಗಳನ್ನು ಸೇರಿಸಿದರೆ ದೇಹದ ಅಂಗಾಂಗಗಳೆಲ್ಲ ಬಣ್ಣ ತಳೆಯುತ್ತಿದ್ದುವು. ಮಿದುಳು ಮಾತ್ರ ಬಿಳುಪಾಗಿಯೇ ಉಳಿಯುತ್ತಿತ್ತು. ಮಿದುಳಿಗೆ ಆ ಬಣ್ಣಗಳನ್ನು ಹಿಡಿದಿಟ್ಟುಕೊಳ್ಳುವ ಗುಣವಿಲ್ಲವೆಂದು ಎರ್ಲಿಕ್ ಬಗೆದನು. ಸಹಜವಾದ ಊಹೆ, ಆದರೆ ಸರಿಯಲ್ಲ. ಅವನ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಪ್ರಯೋಗವನ್ನು ತಿರುವುಮುರುವು ಮಾಡಿದನು. ಮಿದುಳನ್ನು ಸುತ್ತುವರಿದ ದ್ರವಕ್ಕೇ ನೀಲಿ ಬಣ್ಣವನ್ನು ಸೇರಿಸಿದಾಗ ಮಿದುಳು ನೀಲಿಯಾಯಿತು, ಉಳಿದ ದೇಹಕ್ಕೆ ಬಣ್ಣ ತಗಲಲಿಲ್ಲ. ಹಾಗಾದರೆ ಇವೆರಡರ ನಡುವೆ ಏನೋ ತಡೆಯಿರಬೇಕು!

ಆ ತಡೆ ಮಿದುಳಿನ ಅತಿಸೂಕ್ಷ್ಮ ರಕ್ತನಾಳಗಳ ಗೋಡೆಯಲ್ಲಿಯೇ ಇದೆಯೆಂದು 1967ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿಕೊಟ್ಟಿತು. ಗೋಡೆಯ ಜೀವಕೋಶಗಳು ಕ್ಲಾಡಿನ್ ಮೊದಲಾದ ಪ್ರೋಟೀನುಗಳನ್ನು ತಯಾರಿಸಿ, ಒಂದಕ್ಕೊಂದು ಹೊಲಿದಂತೆ ಬಿಗಿಯಾಗಿ ಕೂಡಿಕೊಂಡಿರುತ್ತವೆ. ಬೇರೆ ಕೆಲವು ಪ್ರೋಟೀನುಗಳು ಸಕ್ಕರೆಯನ್ನು ಒಳಕ್ಕೆ ದಾಟಿಸುತ್ತವೆ. ಮತ್ತೆ ಕೆಲವು, ನುಸುಳಿ ಬಂದ ಪರಕೀಯ ವಸ್ತುಗಳನ್ನು ರಕ್ತಕ್ಕೇ ಹಿಂದಕ್ಕೆ ತಳ್ಳುತ್ತವೆ. ಮಂಡ್ಯ, ಮದ್ದೂರುಗಳ ಕಡೆ ತೂಬಿನ ಬಳಿ ನಿಂತು ಗದ್ದೆಗೆ ನೀರು ಬಿಡುವ ನೀರಗಂಟಿಯನ್ನು ಕಂಡವರಿಗೆ ಈ ಏರ್ಪಾಡು ಹೊಸತಾಗಿ ತೋರದು. ಯಾವ ಪ್ರೋಟೀನು ಎಷ್ಟು ತಯಾರಾಗುತ್ತದೆ ಎಂಬುದರ ಮೇಲೆ ಕಾವಲಿನ ಬಿಗಿ ನಿಂತಿದೆ.

ಈ ಕಾವಲು ಎರ್ಲಿಕ್‌ನ ದಾರಿಗೇ ಅಡ್ಡವಾಯಿತು. 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಅವನು ಮರುವರ್ಷ, ಜಪಾನಿನ ಸಹಾಚಿರೊ ಹಾಟಾನ ನೆರವಿನಿಂದ, ಸಿಫಿಲಿಸ್ ಎಂಬ ಘೋರ ಅಂಟುರೋಗಕ್ಕೆ 606ನೆಯ ಸಂಯುಕ್ತ ಮದ್ದಾಗಬಲ್ಲದೆಂದು ಕಂಡುಕೊಂಡನು. 1910ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಬಳಕೆಗೆ ಬಂದಿತು. ಹುಣ್ಣುಗಳು ಮಾಯ್ದುವು, ಜಗತ್ತು ಕೊಂಡಾಡಿತು. ಆದರೆ ರೋಗಾಣುಗಳು ಮಿದುಳನ್ನು ಹೊಕ್ಕು, ರೋಗಿಯ ಬುದ್ಧಿ ಕೆಟ್ಟಿದ್ದಲ್ಲಿ ಆ ಔಷಧ ಬಹುಮಟ್ಟಿಗೆ ನಿಷ್ಫಲವಾಯಿತು. ರಕ್ತದಲ್ಲಿದ್ದ ಮದ್ದು ಸಾಕಷ್ಟು ಒಳಗೆ ಇಳಿಯುತ್ತಿರಲಿಲ್ಲ. ವೈದ್ಯರು ಬೆನ್ನುಹುರಿಯ ದ್ರವದ ಮೂಲಕ ಚಿಕಿತ್ಸೆ ಕೊಟ್ಟು ನೋಡಿದರು. 1915ರ ಆಗಸ್ಟ್ 20ರಂದು ಎರ್ಲಿಕ್ ತೀರಿಕೊಂಡಾಗಲೂ ಅಂಥ ರೋಗಿಗಳು ಹುಚ್ಚಾಸ್ಪತ್ರೆಗಳಲ್ಲಿ ತುಂಬಿದ್ದರು.