ಬೇಡವೆಂದ ರಕ್ಷೆ: ರ‍್ಯಾಡ್‌ಕ್ಲಿಫ್ ಹಾಲ್‌ಳ ಬಾಳು ಬರಹ

1926ರಲ್ಲಿ ಪ್ರಕಟವಾದ ‘ಆಡಮ್ಸ್ ಬ್ರೀಡ್’ ಎಂಬ ಕಾದಂಬರಿ ಇಂಗ್ಲೆಂಡಿನಲ್ಲಿ ಎರಡು ದೊಡ್ಡ ಬಹುಮಾನಗಳನ್ನು ಗಳಿಸಿತು. ಒಂದು ಫೆಮಿನಾ, ಇನ್ನೊಂದು ಜೇಮ್ಸ್ ಟೇಟ್ ಬ್ಲ್ಯಾಕ್. ಅದಕ್ಕೆ ಹಿಂದೆ ಈ ಜೋಡಿ ಮನ್ನಣೆ ದೊರೆತಿದ್ದುದು ಒಂದೇ ಒಂದು ಕೃತಿಗೆ. ಅದು ನಮ್ಮ ಓದುಗರಿಗೆ ಪರಿಚಿತವಾದ ಫಾರ್ಸ್ಟರನ ‘ಎ ಪ್ಯಾಸೇಜ್ ಟು ಇಂಡಿಯಾ’. ಲಂಡನ್ನಿನ ಉಪಾಹಾರಗೃಹವೊಂದರಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದ ಇಟಲಿ ಮೂಲದ ಮನುಷ್ಯನೊಬ್ಬ, ಉಣ್ಣುವವರ ಹೊಟ್ಟೆಬಾಕತನವನ್ನು ಕಂಡು ಕಂಡು ಅನ್ನದ ಮೇಲೆಯೇ ವೈರಾಗ್ಯ ತಾಳಿ, ಕಾಡು ಸೇರಿ ಉಪವಾಸದಿಂದ ಪ್ರಾಣಬಿಡುವ ಕಥೆಯದು. ಇಂಥದನ್ನು ಬರೆದ ರ‍್ಯಾಡ್‌ಕ್ಲಿಫ್ ಹಾಲ್‌ಳಿಗೆ ಆಗ ಹಣವಿತ್ತು, ಹೆಸರಿತ್ತು, ಓದುಗರಿದ್ದರು. ಎರಡೇ ವರ್ಷಗಳಲ್ಲಿ ಆಕೆಯ ಮುಂದಿನ ಗ್ರಂಥವನ್ನು ನಾಶಮಾಡಬೇಕೆಂದು ಲಂಡನ್ನಿನ ನ್ಯಾಯಸ್ಥಾನ ವಿಧಿಸಿತು. ಇದು ಆಕೆಗೆ ಅನಿರೀಕ್ಷಿತವಾಗಿ ಬಂದೊದಗಿದ ವಿಪತ್ತಲ್ಲ. ಬಹುಮಾನಗಳು ತಂದ ಗೌರವವನ್ನು ಯಾವುದಕ್ಕೆ ವ್ಯಯಮಾಡಬೇಕೆಂದು ಆಕೆ ಮೊದಲೇ ನಿಶ್ಚಯಿಸಿಕೊಂಡಿದ್ದಳು.

ಮಾರ್ಗರೀಟ್ ರ‍್ಯಾಡ್‌ಕ್ಲಿಫ್ ಹಾಲ್ ಹುಟ್ಟಿದ್ದು 1880ರ ಆಗಸ್ಟ್ 12ರಂದು, ದಕ್ಷಿಣ ಇಂಗ್ಲೆಂಡಿನ ಕಡಲತೀರದ ಬೋರ್ನ್‌ಮತ್ ಊರಿನಲ್ಲಿ. ಸಿರಿವಂತನಾದ ತಂದೆ ಮಗಳ ಎಳವೆಯಲ್ಲಿಯೇ ಸಂಸಾರವನ್ನು ತೊರೆದುಹೋದನು. ತಾಯಿ ಅಮೆರಿಕದವಳು, ಮುಂಗೋಪಿ. ಮಗಳ ಮೇಲೆ ಅಕ್ಕರೆಯಿಲ್ಲದವಳು. ಆಕೆ ಮರುಮದುವೆಯಾದದ್ದು ಆಲ್ಬರ್ಟೊ ವಿಸೆಟ್ಟಿ ಎಂಬ ಸಂಗೀತದ ಅಧ್ಯಾಪಕನನ್ನು. ಆ ಮನೆಯಲ್ಲಿ ಹಾಡಿತ್ತು, ಆದರೆ ಮಗುವಿಗೆ ನೆಮ್ಮದಿಯಿರಲಿಲ್ಲ. 1898ರಲ್ಲಿ ತಂದೆ ತೀರಿಕೊಂಡನು; ಇಪ್ಪತ್ತೊಂದು ತುಂಬುತ್ತಲೇ ಕುಟುಂಬದ ದೊಡ್ಡ ಆಸ್ತಿ ಮಗಳ ಕೈಸೇರಿತು. ಈ ಸಂಗತಿಯನ್ನು ಸಣ್ಣದೆಂದು ದಾಟಿಹೋಗಲಾಗದು. ಆ ಕಾಲದಲ್ಲಿ ಮದುವೆಯಾಗದೆ, ಯಾರ ಹಂಗೂ ಇಲ್ಲದೆ, ತನಗೆ ತೋಚಿದಂತೆ ಉಟ್ಟುತೊಟ್ಟು ಬಾಳಬಲ್ಲ ಹೆಂಗಸರು ಎಷ್ಟು ಮಂದಿ ಇದ್ದಾರು? ಹಾಲ್‌ಳ ಧೈರ್ಯದ ಬುಡದಲ್ಲಿ ಈ ಸಂಪತ್ತಿದೆ. ಆದರೆ ಸಂಪತ್ತಿದ್ದವರೆಲ್ಲರೂ ಆಕೆ ಮಾಡಿದ್ದನ್ನು ಮಾಡಲಿಲ್ಲವೆಂಬುದೂ ನಿಜ.

ಮೊದಲು ಬರೆದದ್ದು ಕವನ. 1906ರಿಂದ 1915ರವರೆಗೆ ಐದು ಸಂಕಲನಗಳು ಹೊರಬಂದವು. ಅವುಗಳಲ್ಲಿ ಕುರುಡ ರೈತನೊಬ್ಬನನ್ನು ಕುರಿತ ಪದ್ಯ ರಾಗಕ್ಕೆ ಅಳವಟ್ಟು ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಬಹಳ ಜನಪ್ರಿಯವಾಯಿತು. ಉಳಿದವನ್ನು ಇಂದು ಓದುವವರು ವಿರಳ. 1907ರಲ್ಲಿ ಜರ್ಮನಿಯ ಒಂದು ಆರೋಗ್ಯಧಾಮದಲ್ಲಿ ಆಕೆಗೆ ಮೇಬಲ್ ಬ್ಯಾಟನ್ ಎಂಬ ಗಾಯಕಿಯ ಪರಿಚಯವಾಯಿತು. ಬ್ಯಾಟನ್ನಳಿಗೆ ಐವತ್ತು ದಾಟಿತ್ತು, ಹಾಲ್‌ಳಿಗೆ ಇಪ್ಪತ್ತೇಳರ ಪ್ರಾಯ. ಇಬ್ಬರೂ ಪರಸ್ಪರ ಅನುರಕ್ತರಾಗಿ ಕೂಡಿಬಾಳಿದರು. ಓದಿನಲ್ಲಿ ಶಿಸ್ತು, ಬರವಣಿಗೆಯಲ್ಲಿ ಶ್ರದ್ಧೆ, ಕ್ಯಾಥೊಲಿಕ್ ಮತ ಇವೆಲ್ಲ ಆ ಹಿರಿಯ ಸಂಗಾತಿಯಿಂದ ಬಂದವು. ಆಪ್ತರು ಕಡೆಯವರೆಗೂ ಆಕೆಯನ್ನು ಕರೆಯುತ್ತಿದ್ದ ‘ಜಾನ್’ ಎಂಬ ಗಂಡುಹೆಸರೂ ಅವಳಿಂದಲೇ ಬಂದದ್ದು. 1915ರಲ್ಲಿ ಬ್ಯಾಟನ್ನಳ ಬಂಧುವಾದ ಯೂನ ಟ್ರೂಬ್ರಿಜ್ ಎಂಬ ಶಿಲ್ಪಿ, ನೌಕಾಸೇನಾಧಿಪತಿಯೊಬ್ಬನ ಮಡದಿ, ಇವರ ನಡುವೆ ಬಂದಳು. ಮರುವರ್ಷ ಬ್ಯಾಟನ್ ತೀರಿಕೊಂಡಾಗ ಹಾಲ್‌ಳನ್ನು ಪಶ್ಚಾತ್ತಾಪ ಹಿಡಿದುಕೊಂಡಿತು. ಸತ್ತವಳೊಡನೆ ಮಾತನಾಡಲು ಆಕೆಯೂ ಯೂನಳೂ ವರ್ಷಗಟ್ಟಲೆ ಪ್ರೇತಸಂಭಾಷಣೆಯ ಮಧ್ಯಸ್ಥೆಯೊಬ್ಬಳ ಮನೆಗೆ ಅಲೆದರು. ಅದರ ಮೇಲೆ ಪ್ರಬಂಧವೊಂದನ್ನು ಸಿದ್ಧಪಡಿಸಿ ಅತೀಂದ್ರಿಯ ಸಂಶೋಧನೆಯ ಸಂಘಕ್ಕೂ ಒಪ್ಪಿಸಿದರು. ಆ ಸಂಘದ ಸದಸ್ಯನೊಬ್ಬ ಹಾಲ್‌ಳನ್ನು ನೀತಿಗೆಟ್ಟವಳೆಂದು ಜರೆದಾಗ ಆಕೆ 1920ರಲ್ಲಿ ಮಾನಹಾನಿಯ ದಾವೆ ಹೂಡಿ, ಕಟಕಟೆಯಲ್ಲಿ ನಿಂತು ಉತ್ತರ ಹೇಳಿ, 500 ಪೌಂಡು ಪರಿಹಾರದ ತೀರ್ಪು ಪಡೆದಳು. ಮೇಲ್ಮನವಿಯಲ್ಲಿ ಮರುವಿಚಾರಣೆಗೆ ಅಪ್ಪಣೆಯಾಯಿತು, ಅದು ನಡೆಯಲಿಲ್ಲ. ಮುಂದೆ ಇದಕ್ಕಿಂತ ದೊಡ್ಡ ಮೊಕದ್ದಮೆಯಲ್ಲಿ ಬಾಯಿತೆರೆಯುವ ಹಕ್ಕೇ ಆಕೆಗೆ ಇರಲಿಲ್ಲವೆಂಬುದನ್ನು ನೆನೆದರೆ ಈ ಹಳೆಯ ವ್ಯಾಜ್ಯಕ್ಕೆ ಬೇರೊಂದು ಅರ್ಥ ಬರುತ್ತದೆ.

ಕಾದಂಬರಿಗಳಲ್ಲಿ ಮೊದಲು ಬರೆದದ್ದು ‘ದಿ ಅನ್‌ಲಿಟ್ ಲ್ಯಾಂಪ್’, ಹೊತ್ತಿಸದ ಹಣತೆ. ಹಲವು ಪ್ರಕಾಶಕರು ಹಿಂದಿರುಗಿಸಿದ ಮೇಲೆ ಅದು 1924ರಲ್ಲಿ ಅಚ್ಚಾಯಿತು. ವೈದ್ಯಳಾಗಬೇಕೆಂದು ಹಂಬಲಿಸುವ ಮಗಳು, ಅವಳನ್ನು ಪ್ರೀತಿಯ ನೆಪದಿಂದ ಕಟ್ಟಿಹಾಕುವ ತಾಯಿ, ಅವಳನ್ನು ಹೊರಲೋಕಕ್ಕೆ ಕರೆಯುವ ಉಪಾಧ್ಯಾಯಿನಿ. ಈ ಮೂವರ ಎಳೆದಾಟದಲ್ಲಿ ಹುಡುಗಿಯ ಬಾಳು ಉರಿಯದೆಯೇ ಆರಿಹೋಗುತ್ತದೆ. ಕಲೆಯ ದೃಷ್ಟಿಯಿಂದ ಹಾಲ್‌ಳ ಶ್ರೇಷ್ಠ ಕೃತಿ ಇದೇ ಎಂದು ನನ್ನ ಅಭಿಪ್ರಾಯ. ಇಲ್ಲಿ ಲೇಖಕಿ ಯಾರಿಗೂ ಏನನ್ನೂ ಉಪದೇಶಿಸುವುದಿಲ್ಲ. ಆ ಮನೆಯ ಗಾಳಿಯಿಲ್ಲದ ಕೋಣೆಯಲ್ಲಿ ನಮ್ಮನ್ನು ಕೂರಿಸಿ ಸುಮ್ಮನಾಗುತ್ತಾಳೆ.

ಲೋಕ ನೆನೆಯುವುದು ಮಾತ್ರ ಇನ್ನೊಂದನ್ನು. ಹೆಣ್ಣು ಹೆಣ್ಣನ್ನು ಪ್ರೀತಿಸುವ ಬಾಳನ್ನು ಮರೆಮಾಚದೆ, ಅದನ್ನು ಬಾಳಿದವರ ಕಡೆಯಿಂದಲೇ ಬರೆಯಬೇಕೆಂದು ಆಕೆ ಸಂಕಲ್ಪಿಸಿದಳು. ಇದರಿಂದ ಯೂನಳ ಹೆಸರಿಗೂ ಕಳಂಕ ತಟ್ಟಬಹುದೆಂದು ಮೊದಲು ಅವಳ ಒಪ್ಪಿಗೆ ಕೇಳಿದಳು, ಯೂನ ಹಿಂದೆಗೆಯಲಿಲ್ಲ. ಹೀಗೆ ಹುಟ್ಟಿದ್ದು ‘ದಿ ವೆಲ್ ಆಫ್ ಲೋನ್ಲಿನೆಸ್’, ಒಂಟಿತನದ ಬಾವಿ. ಗಂಡುಮಗುವನ್ನು ಬಯಸಿದ್ದ ದೊರೆಮನೆತನದಲ್ಲಿ ಹುಟ್ಟಿ ಸ್ಟೀಫನ್ ಎಂಬ ಹೆಸರು ಹೊತ್ತ ಹುಡುಗಿಯ ಕಥೆ. ತಂದೆಗೆ ಮಗಳ ಸ್ವಭಾವ ತಿಳಿದಿದೆ, ಹೇಳಲು ನಾಲಗೆ ಏಳದು. ತಾಯಿ ತಿಳಿದೊಡನೆ ಮನೆಬಿಡಿಸುತ್ತಾಳೆ. ಯುದ್ಧದಲ್ಲಿ ಗಾಯಾಳುಗಳ ವಾಹನ ನಡೆಸುವಾಗ ಮೇರಿ ಎಂಬ ಯುವತಿ ಜೊತೆಯಾಗುತ್ತಾಳೆ. ಕೊನೆಗೆ, ಸಮಾಜದ ತಿರಸ್ಕಾರ ಮೇರಿಯನ್ನು ಕಮರಿಸುವುದನ್ನು ನೋಡಲಾರದೆ, ಸ್ಟೀಫನ್ ಹುಸಿಯೊಂದನ್ನು ಹೂಡಿ ಅವಳನ್ನು ಒಬ್ಬ ಗಂಡಿನ ಆಶ್ರಯಕ್ಕೆ ತಳ್ಳುತ್ತಾಳೆ. ದೇವರೆದುರು ತನ್ನಂಥವರಿಗೂ ಬದುಕುವ ಹಕ್ಕನ್ನು ಬೇಡುವಲ್ಲಿ ಗ್ರಂಥ ಮುಗಿಯುತ್ತದೆ. ಶೈಲಿ ಭಾರವಾದದ್ದು, ಆತ್ಮಮರುಕ ಅಲ್ಲಲ್ಲಿ ಎಲ್ಲೆ ಮೀರಿದೆ, ಇಂಥ ಅನುರಾಗವನ್ನು ಹುಟ್ಟಿನ ಊನವೆಂಬಂತೆ ಕಾಣುವ ಅಂದಿನ ವೈದ್ಯಶಾಸ್ತ್ರದ ನೆರಳೂ ಬಿದ್ದಿದೆ. ಆದರೆ ತಾಯಿ ಮಗಳನ್ನು ಹೊರಗಟ್ಟುವ ಅಧ್ಯಾಯವನ್ನು ಓದಿದವರು ಸುಲಭವಾಗಿ ಮರೆಯಲಾರರು.

ಮೂವರು ಪ್ರಕಾಶಕರು ಒಲ್ಲೆನೆಂದ ಮೇಲೆ ಜೊನಾಥನ್ ಕೇಪ್ 1928ರ ಜುಲೈನಲ್ಲಿ ಅದನ್ನು ಹೊರತಂದನು. ಮನೋವಿಜ್ಞಾನಿ ಹ್ಯಾವ್ಲಾಕ್ ಎಲ್ಲಿಸನ ಮುನ್ನುಡಿ, ಕಪ್ಪು ರಟ್ಟು, ಸಾಮಾನ್ಯ ಕಾದಂಬರಿಗೆ ಇಮ್ಮಡಿಯಾದ 15 ಷಿಲಿಂಗ್ ಬೆಲೆ. ಕುತೂಹಲಿಗಳು ದೂರವಿರಲೆಂದೇ ಈ ಗಾಂಭೀರ್ಯ. ಕೆಲವು ವಾರ ಶಾಂತವಾಗಿಯೇ ಸಾಗಿತು. ಆಗಸ್ಟ್ 19ರಂದು ‘ಸಂಡೇ ಎಕ್ಸ್‌ಪ್ರೆಸ್’ ಪತ್ರಿಕೆಯ ಸಂಪಾದಕ ಜೇಮ್ಸ್ ಡಗ್ಲಸ್, ಮಕ್ಕಳ ಕೈಗೆ ಈ ಪುಸ್ತಕಕ್ಕಿಂತ ವಿಷವನ್ನು ಕೊಡುವುದೇ ಲೇಸೆಂಬ ಅರ್ಥದಲ್ಲಿ ಬರೆದು ಬೆಂಕಿ ಹೊತ್ತಿಸಿದನು. ಕೇಪ್ ತಾನಾಗಿಯೇ ಪ್ರತಿಯೊಂದನ್ನು ಗೃಹಮಂತ್ರಿ ಜಾಯ್ನ್‌ಸನ್ ಹಿಕ್ಸನಿಗೆ ಕಳುಹಿಸಿ ಅಭಿಪ್ರಾಯ ಕೇಳಿದ್ದು ಶುದ್ಧ ಅವಿವೇಕ. ಮಾರಾಟ ನಿಲ್ಲಿಸೆಂಬ ಉತ್ತರ ಬಂದಿತು. ಹೊರಗೆ ನಿಲ್ಲಿಸಿದೆನೆಂದು ಸಾರಿ, ಒಳಗೊಳಗೆ ಅಚ್ಚಿನ ಪಡಿಯಚ್ಚುಗಳನ್ನು ಪ್ಯಾರಿಸ್ಸಿಗೆ ಸಾಗಿಸಿದನು. ಅಲ್ಲಿ ಅಚ್ಚಾದ ಪ್ರತಿಗಳು ಇಂಗ್ಲೆಂಡಿಗೆ ಮರಳಿದಾಗ ಪೋಲೀಸರು ವಶಪಡಿಸಿಕೊಂಡರು.

ನವೆಂಬರ್ 9ರಂದು ಬೋ ಸ್ಟ್ರೀಟಿನ ನ್ಯಾಯಸ್ಥಾನದಲ್ಲಿ ಮುಖ್ಯ ಮ್ಯಾಜಿಸ್ಟ್ರೇಟ್ ಸರ್ ಚಾರ್ಟ್ರಸ್ ಬೈರನ್ನನ ಮುಂದೆ ವಿಚಾರಣೆ ಮೊದಲಾಯಿತು. 1857ರ ಕಾನೂನಿನಂತೆ ಪ್ರತಿವಾದಿಗಳು ಪ್ರಕಾಶಕನೂ ಪುಸ್ತಕ ತರಿಸಿದವನೂ ಮಾತ್ರ. ಬರೆದವಳಿಗೆ ಅಲ್ಲಿ ಸ್ಥಾನವಿಲ್ಲ. ಸಾಕ್ಷಿ ನುಡಿಯಲು ಸುಮಾರು 40 ಮಂದಿ ಸಿದ್ಧರಾಗಿದ್ದರು. ಫಾರ್ಸ್ಟರ್, ವರ್ಜೀನಿಯ ವುಲ್ಫ್ ಅವರಲ್ಲಿದ್ದರು. ಅಶ್ಲೀಲವೋ ಅಲ್ಲವೋ ಎಂಬುದನ್ನು ನಿರ್ಣಯಿಸಬೇಕಾದವನು ತಾನೆಂದು ಹೇಳಿ ಬೈರನ್ ಯಾರನ್ನೂ ಕೇಳಲೊಪ್ಪಲಿಲ್ಲ. ಆಗ ಪ್ರತಿವಾದಿಗಳ ವಕೀಲ ನಾರ್ಮನ್ ಬರ್ಕೆಟ್, ಗ್ರಂಥದಲ್ಲಿರುವುದು ಹೆಂಗಸರ ನಡುವಿನ ನಿಷ್ಕಳಂಕ ಸ್ನೇಹವೇ ಹೊರತು ದೈಹಿಕ ಸಂಬಂಧವಲ್ಲವೆಂದು ವಾದಿಸಿದನು. ಗ್ರಂಥ ಉಳಿಯಲು ಇದ್ದ ಸುಲಭದ ದಾರಿ ಇದು. ಮಧ್ಯಾಹ್ನದ ಊಟದ ವಿರಾಮದಲ್ಲಿ ಹಾಲ್ ಕಣ್ಣೀರು ಸುರಿಸುತ್ತ ಕೆರಳಿ ನಿಂತಳು. ತಾನು ಬರೆದದ್ದನ್ನು ಬರೆದಿಲ್ಲವೆಂದು ಹೇಳಿಸಿಕೊಂಡು ಗೆಲ್ಲುವುದು ಆಕೆಗೆ ಬೇಡವಾಗಿತ್ತು; ಮಾತನ್ನು ಹಿಂದೆಗೆದುಕೊಳ್ಳದಿದ್ದರೆ ತಾನೇ ಎದ್ದುನಿಂತು ನಿಜವನ್ನು ಸಾರುವೆನೆಂದಳು. ವಿರಾಮದ ತರುವಾಯ ಬರ್ಕೆಟ್ ಆ ವಾದವನ್ನು ಕೈಬಿಡಬೇಕಾಯಿತು. ಮೊಕದ್ದಮೆ ಅಲ್ಲಿಗೇ ಸೋತಂತಾಯಿತೆಂದು ವ್ಯವಹಾರಜ್ಞರು ಹೇಳಬಹುದು. ಆದರೆ ಆಕೆ ಸುಮ್ಮನಿದ್ದಿದ್ದರೆ ಗ್ರಂಥ ಉಳಿದು, ಅದು ಯಾರಿಗಾಗಿ ಬರೆಯಲ್ಪಟ್ಟಿತೋ ಅವರು ಮತ್ತೆ ಮರೆಗೆ ಸರಿಯುತ್ತಿದ್ದರು.

ನವೆಂಬರ್ 16ರಂದು ತೀರ್ಪು. ಒರಟು ಪದ ಒಂದೂ ಇಲ್ಲದ ಗ್ರಂಥವಿದು. ಚೆನ್ನಾಗಿ ಬರೆದದ್ದೆಂಬುದು ಅದಕ್ಕೆ ರಕ್ಷೆಯಾಗಲಾರದು, ಚೆನ್ನಾಗಿ ಬರೆದಷ್ಟೂ ಅಪಾಯ ಹೆಚ್ಚೆಂಬುದೇ ಬೈರನ್ನನ ತರ್ಕ. ನಮ್ಮ ಆಲಂಕಾರಿಕರು ಅಶ್ಲೀಲವನ್ನು ದೋಷಪ್ರಕರಣದಲ್ಲಿ ಸೇರಿಸಿ, ನಾಚಿಕೆ, ಜುಗುಪ್ಸೆ, ಅಮಂಗಲಗಳನ್ನು ಸೂಚಿಸುವ ಮಾತೆಂದು ಮೂರು ಬಗೆಯಾಗಿ ಎಣಿಸಿದರು. ಅವರ ದೃಷ್ಟಿ ನುಡಿಯ ಮೇಲಿತ್ತು. ಬೈರನ್ನನ ದೃಷ್ಟಿ ವಸ್ತುವಿನ ಮೇಲೆ. 1942ರಲ್ಲಿ ಪ್ರಕಟವಾದ ಇಸ್ಮತ್ ಚುಗ್ತಾಯಿಯವರ ‘ಲಿಹಾಫ್’ ಕಥೆಯ ಮೇಲೆ ಲಾಹೋರಿನಲ್ಲಿ ನಡೆದ ಮೊಕದ್ದಮೆ ಬಿದ್ದುಹೋದದ್ದು, ಇದೇ ಅಶ್ಲೀಲವೆಂದು ಬೆರಳಿಟ್ಟು ತೋರಿಸಬಲ್ಲ ಪದವೊಂದು ಸಿಕ್ಕದಿದ್ದುದರಿಂದ. ಲಂಡನ್ನಿನಲ್ಲಿ ಆ ಆಧಾರವೂ ನಿಲ್ಲಲಿಲ್ಲ. ಯುದ್ಧಭೂಮಿಯಲ್ಲಿ ದುಡಿದ ಹೆಂಗಸರಿಗೆ ಗ್ರಂಥ ಕಳಂಕ ಹಚ್ಚಿದೆಯೆಂದು ಬೈರನ್ ಓದುತ್ತಿದ್ದಾಗ ಹಾಲ್ ತಡೆಯಲಾರದೆ ಪ್ರತಿಭಟಿಸಿದಳು. ಸುಮ್ಮನಿರದಿದ್ದರೆ ಹೊರಗೆ ಕಳುಹಿಸಬೇಕಾದೀತೆಂದು ಗದರಿಸಲ್ಪಟ್ಟಳು. ಡಿಸೆಂಬರ್ 14ರಂದು ಮೇಲ್ಮನವಿಯೂ ವಜಾ ಆಯಿತು.

ಬೆಂಬಲಿಸಿದವರೆಲ್ಲರೂ ಗ್ರಂಥವನ್ನು ಮೆಚ್ಚಿದವರಲ್ಲ. ವರ್ಜೀನಿಯ ವುಲ್ಫಳಿಗೆ ಅದು ನೀರಸವೆನಿಸಿತ್ತು. ಹಾಲ್‌ಳಾದರೋ ಸ್ವಾತಂತ್ರ್ಯದ ಪರ ನಿಂತರೆ ಸಾಲದು, ಕೃತಿಯ ಸತ್ತ್ವವನ್ನೂ ಹೊಗಳಬೇಕೆಂದು ಹಟಹಿಡಿದು ಹಿತೈಷಿಗಳನ್ನು ಕಂಗೆಡಿಸಿದಳು. ಅದೇ ಅಕ್ಟೋಬರಿನಲ್ಲಿ ಹೊರಬಂದ ವುಲ್ಫಳ ‘ಆರ್ಲ್ಯಾಂಡೊ’ದಲ್ಲಿಯೂ ಇಂಥ ಅನುರಾಗದ ಸುಳಿವಿದೆ. ಅಲ್ಲಿ ವಿನೋದದ ತೆರೆಯಿತ್ತು, ಯಾರೂ ತಡೆಯಲಿಲ್ಲ. ಅತ್ತ ಅಮೆರಿಕದಲ್ಲಿ ನ್ಯೂಯಾರ್ಕಿನ ಮೇಲಿನ ನ್ಯಾಯಸ್ಥಾನ 1929ರ ಏಪ್ರಿಲಿನಲ್ಲಿ ಗ್ರಂಥವನ್ನು ದೋಷಮುಕ್ತಗೊಳಿಸಿತು. ಮೊದಲ ವರ್ಷವೇ ಒಂದು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾದವು.

ವ್ಯಾಜ್ಯದ ವೆಚ್ಚಕ್ಕೆ ಲಂಡನ್ನಿನ ಮನೆಯನ್ನು ಮಾರಿ ಆಕೆ ಯೂನಳೊಡನೆ ಸಸೆಕ್ಸಿನ ರೈ ಎಂಬ ಪುಟ್ಟ ಊರು ಸೇರಿದಳು. 1932ರ ‘ದಿ ಮಾಸ್ಟರ್ ಆಫ್ ದಿ ಹೌಸ್’ ಕ್ರಿಸ್ತನ ಬಾಳನ್ನು ಹೋಲುವ ಬಡಗಿಯೊಬ್ಬನ ಕಥೆ. ತುಂಬ ಆಸೆಯಿಟ್ಟು ಬರೆದದ್ದು, ಓದುಗರು ಒಲಿಯಲಿಲ್ಲ. 1934ರಲ್ಲಿ ಯೆವ್ಗೇನಿಯ ಸೂಲಿನ್ ಎಂಬ ರಷ್ಯದ ದಾದಿಯ ಮೇಲೆ ಮನಸ್ಸು ಹರಿಯಿತು. ಬ್ಯಾಟನ್ನಳಿಗೆ ತಾನು ಕೊಟ್ಟ ನೋವನ್ನೇ ಯೂನ ಈಗ ಉಂಡಳು, ಆದರೂ ಬಿಟ್ಟುಹೋಗಲಿಲ್ಲ. 1943ರ ಅಕ್ಟೋಬರ್ 7ರಂದು ಹಾಲ್ ಕ್ಯಾನ್ಸರಿನಿಂದ ಲಂಡನ್ನಿನಲ್ಲಿ ತೀರಿಕೊಂಡಾಗ ಪಕ್ಕದಲ್ಲಿದ್ದವಳು ಯೂನಳೇ. ಶವವನ್ನು ಹೈಗೇಟ್ ಸ್ಮಶಾನದಲ್ಲಿ ಬ್ಯಾಟನ್ನಳ ಸಮಾಧಿಯಲ್ಲಿ ಇರಿಸಿದರು.

ಗೆಳತಿಯ ಕೃತಿಗಳೆಲ್ಲವನ್ನೂ ಮತ್ತೆ ಅಚ್ಚುಹಾಕಿಸಬೇಕೆಂದು ಯೂನ 1946ರಲ್ಲಿ ಸರ್ಕಾರವನ್ನು ವಿಚಾರಿಸಿದಾಗ, ಆ ಒಂದು ಗ್ರಂಥಕ್ಕೆ ಅಭಯ ದೊರೆಯಲಿಲ್ಲ. 1949ರಲ್ಲಿ ಫಾಲ್ಕನ್ ಪ್ರೆಸ್ ಎಂಬ ಪ್ರಕಾಶನ ಯಾರನ್ನೂ ಕೇಳದೆ ಅಚ್ಚುಮಾಡಿತು. ಪೋಲೀಸರು ಬರಲಿಲ್ಲ. 1974ರಲ್ಲಿ ಬಿ.ಬಿ.ಸಿ. ರೇಡಿಯೊ ಅದನ್ನು ರಾತ್ರಿ ಮಲಗುವ ವೇಳೆಯ ವಾಚನಕ್ಕೆ ಆರಿಸಿಕೊಂಡು ಮನೆಮನೆಗೂ ಓದಿ ಹೇಳಿಸಿತು.